ಕಾರ್ಯಸ್ಥಳದ ನಾಯಕತ್ವದಲ್ಲಿ ಕೋಪ ನಿರ್ವಹಣೆ

ಕಾರ್ಯಸ್ಥಳದ ನಾಯಕತ್ವದಲ್ಲಿ ಕೋಪ ನಿರ್ವಹಣೆ ಎಂದರೆ ಕಚೇರಿ, ಶಾಲೆ, ಕಾರ್ಖಾನೆ, ಆಸ್ಪತ್ರೆ, ಸಹಕಾರ ಸಂಘ ಮುಂತಾದ ಕಡೆಗಳಲ್ಲಿ ಇತರರ ಕೆಲಸಕ್ಕೆ ಹೊಣೆಗಾರನಾಗಿರುವ ವ್ಯಕ್ತಿಯು ತನ್ನ ಕೋಪವನ್ನು ಕೆರಳಿಸುವ ಸಂದರ್ಭಗಳನ್ನು ಗುರುತಿಸಿ, ಅದು ಮಾತು ಮತ್ತು ಕೃತಿಯಾಗಿ ಹೊರಬೀಳುವ ಬಗೆಯನ್ನು ಹತೋಟಿಯಲ್ಲಿ ಇರಿಸಿಕೊಳ್ಳುವ ಕ್ರಮ. ಕೋಪವನ್ನು ಪೂರ್ಣವಾಗಿ ಇಲ್ಲವಾಗಿಸುವುದು ಇದರ ಉದ್ದೇಶವಲ್ಲ. ಕೋಪ ಬಂದಿದೆ ಎಂಬ ಅರಿವು, ಅದರ ಕಾರಣದ ಪರಿಶೀಲನೆ ಮತ್ತು ಕೈಕೆಳಗಿನವರಿಗೆ ಹಾನಿಯಾಗದಂತೆ ಅದನ್ನು ವ್ಯಕ್ತಪಡಿಸುವುದು ಇದರ ಮುಖ್ಯ ಅಂಗಗಳು. ಮನೋವಿಜ್ಞಾನ, ಆಡಳಿತಶಾಸ್ತ್ರ ಮತ್ತು ಕಾರ್ಮಿಕ ಕಾನೂನುಗಳು ಈ ವಿಷಯವನ್ನು ಬೇರೆ ಬೇರೆ ದೃಷ್ಟಿಯಿಂದ ಚರ್ಚಿಸಿವೆ. ಕೌಟಿಲ್ಯನ ಅರ್ಥಶಾಸ್ತ್ರ, ಜೈನ ಕಾವ್ಯಗಳು ಹಾಗೂ 12ನೆಯ ಶತಮಾನದ ಕಲ್ಯಾಣದ ಶರಣರ ವಚನಗಳಲ್ಲಿಯೂ ಇದರ ವಿಚಾರವಿದೆ.

ಪರಿಭಾಷೆ

ಕನ್ನಡದಲ್ಲಿ ಕೋಪ, ಸಿಟ್ಟು, ಮುನಿಸು, ರೋಷ, ಕ್ರೋಧ, ಆಕ್ರೋಶ ಎಂಬ ಪದಗಳು ಒಂದೇ ಭಾವದ ಬೇರೆ ಬೇರೆ ಮಟ್ಟಗಳನ್ನು ಸೂಚಿಸುತ್ತವೆ. ಮುನಿಸು ಆತ್ಮೀಯರ ನಡುವಿನ ಅಸಮಾಧಾನವಾದರೆ ಕ್ರೋಧವು ವಿವೇಕವನ್ನು ಮೀರಿದ ಕೋಪ. ಆಕ್ರೋಶವು ಹೆಚ್ಚಾಗಿ ಸಮೂಹದ ಅಥವಾ ಬಹಿರಂಗವಾದ ಕೋಪಕ್ಕೆ ಬಳಕೆಯಾಗುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಕ್ರೋಧವು ರೌದ್ರರಸದ ಸ್ಥಾಯಿಭಾವ. ಭಾರತೀಯ ನೀತಿಶಾಸ್ತ್ರಗಳು ಅದನ್ನು ಅರಿಷಡ್ವರ್ಗಗಳಲ್ಲಿ ಒಂದೆಂದು ಎಣಿಸುತ್ತವೆ.

ಕೋಪವನ್ನು ಹೊತ್ತಿಸುವ ಮಾತು, ವರ್ತನೆ, ಸನ್ನಿವೇಶ ಅಥವಾ ನೆನಪನ್ನು ಮನೋವಿಜ್ಞಾನದಲ್ಲಿ 'ಪ್ರಚೋದಕ' ಎನ್ನುತ್ತಾರೆ. ಒಂದೇ ಪ್ರಚೋದಕ ಎಲ್ಲರಲ್ಲಿಯೂ ಒಂದೇ ಪರಿಣಾಮವನ್ನು ಉಂಟುಮಾಡುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಸ್ಪೀಲ್‌ಬರ್ಗರ್ ಕೋಪವನ್ನು ಎರಡಾಗಿ ವಿಂಗಡಿಸಿದನು: ಒಂದು ಸಂದರ್ಭದಲ್ಲಿ ಬಂದು ಹೋಗುವ 'ಸ್ಥಿತಿ ಕೋಪ' ಮತ್ತು ಬೇಗ ಬೇಗ ಕೋಪಗೊಳ್ಳುವ ವ್ಯಕ್ತಿಯ 'ಸ್ವಭಾವ ಕೋಪ'. ಈ ವಿಂಗಡಣೆಯನ್ನು ಆಧರಿಸಿ 1988ರಲ್ಲಿ ಪ್ರಕಟವಾದ ಅವನ ಮಾಪನವು ಇಂದಿಗೂ ಬಳಕೆಯಲ್ಲಿದೆ.

ನಾಯಕನ ಕೋಪದ ವೈಶಿಷ್ಟ್ಯ

ಸಮಾನರ ನಡುವಿನ ಕೋಪಕ್ಕೂ ಮೇಲಿನವನು ಕೆಳಗಿನವನ ಮೇಲೆ ತೋರುವ ಕೋಪಕ್ಕೂ ಮೂಲಭೂತ ವ್ಯತ್ಯಾಸವಿದೆ. ಸಮಾನನು ತಿರುಗಿ ಮಾತನಾಡಬಲ್ಲನು, ಇಲ್ಲವೇ ಎದ್ದು ಹೋಗಬಲ್ಲನು. ಸಂಬಳ, ರಜೆ, ವರ್ಗಾವಣೆ, ಸೇವಾ ವರದಿಗಳು ಯಾರ ಕೈಯಲ್ಲಿವೆಯೋ ಅವರ ಎದುರು ಕೈಕೆಳಗಿನವನಿಗೆ ಈ ಎರಡೂ ದಾರಿಗಳು ಸುಲಭವಲ್ಲ. 'ಬಡವನ ಕೋಪ ದವಡೆಗೆ ಮೂಲ' ಎಂಬ ಗಾದೆ ಇದೇ ಅಸಮಾನತೆಯನ್ನು ಹೇಳುತ್ತದೆ. ಅಧಿಕಾರವಿಲ್ಲದವನ ಕೋಪದ ಬೆಲೆಯನ್ನು ಅವನೇ ತೆರಬೇಕು. ಅಧಿಕಾರವಿರುವವನ ಕೋಪದ ಬೆಲೆಯನ್ನು ಇತರರು ತೆರುತ್ತಾರೆ.

ಇನ್ನೊಂದು ವೈಶಿಷ್ಟ್ಯ ಕೋಪದ ಸ್ಥಾನಾಂತರ. ಮೇಲಧಿಕಾರಿಯಿಂದ ಬೈಸಿಕೊಂಡ ವ್ಯವಸ್ಥಾಪಕನು ಮೇಲ್ವಿಚಾರಕನ ಮೇಲೆ, ಮೇಲ್ವಿಚಾರಕನು ಕಾರ್ಮಿಕನ ಮೇಲೆ, ಕಾರ್ಮಿಕನು ಮನೆಯವರ ಮೇಲೆ ಅದನ್ನು ಇಳಿಸುವುದುಂಟು. ಮನೋವಿಜ್ಞಾನವು ಇದನ್ನು ಪಲ್ಲಟಗೊಂಡ ಆಕ್ರಮಣಶೀಲತೆ ಎನ್ನುತ್ತದೆ. ಕನ್ನಡದಲ್ಲಿ ಇದಕ್ಕೆ 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬ ಮಾತಿದೆ. ಆದುದರಿಂದ ನಾಯಕನ ಕೋಪವು ಅವನ ವೈಯಕ್ತಿಕ ಗುಣದೋಷದ ಪ್ರಶ್ನೆಯಾಗಿ ಉಳಿಯದೆ ಸಂಸ್ಥೆಯ ಕೆಳಹಂತದವರೆಗೂ ಹರಿಯುತ್ತದೆ.

ಚಾರಿತ್ರಿಕ ಹಿನ್ನೆಲೆ

ಪ್ರಾಚೀನ ಚಿಂತನೆ

ಆಡಳಿತಗಾರನ ಕೋಪವನ್ನು ಕ್ರಮಬದ್ಧವಾಗಿ ಚರ್ಚಿಸಿದ ಹಳೆಯ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಮುಖ್ಯವಾದುದು. ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು ಮತ್ತು 1909ರಲ್ಲಿ ಪ್ರಕಟಿಸಿದರು. ರಾಜನಿಗೆ ಇಂದ್ರಿಯಜಯ ಅಗತ್ಯವೆಂದು ಹೇಳುವ ಗ್ರಂಥವು ಕಾಮ, ಕ್ರೋಧ, ಲೋಭ, ಮಾನ, ಮದ, ಹರ್ಷಗಳನ್ನು ತ್ಯಜಿಸಬೇಕೆನ್ನುತ್ತದೆ. ಕ್ರೋಧದಿಂದ ನಾಶವಾದವರಿಗೆ ಜನಮೇಜಯ ಮತ್ತು ತಾಲಜಂಘರನ್ನು ಉದಾಹರಿಸುತ್ತದೆ. ಕೋಪದಿಂದ ಹುಟ್ಟುವ ದೋಷಗಳನ್ನು ಅದು ಮೂರಾಗಿ ವಿಂಗಡಿಸುತ್ತದೆ: ವಾಕ್ಪಾರುಷ್ಯ ಅಂದರೆ ಮಾತಿನ ಕಾಠಿಣ್ಯ, ಅರ್ಥದೂಷಣ ಅಂದರೆ ಇನ್ನೊಬ್ಬರಿಗೆ ಆರ್ಥಿಕ ಹಾನಿ ಮಾಡುವುದು, ದಂಡಪಾರುಷ್ಯ ಅಂದರೆ ಮಿತಿಮೀರಿದ ಶಿಕ್ಷೆ. ಬೈಗುಳ, ಸಂಬಳ ಅಥವಾ ಬಡ್ತಿಯ ತಡೆ, ತಪ್ಪಿಗೆ ಮೀರಿದ ಶಿಸ್ತುಕ್ರಮ ಎಂಬ ಇಂದಿನ ಕಾರ್ಯಸ್ಥಳದ ದೂರುಗಳನ್ನು ಈ ಮೂರು ವಿಭಾಗಗಳಲ್ಲಿಯೇ ಅಡಕಗೊಳಿಸಬಹುದು.

ಭಗವದ್ಗೀತೆಯ ಎರಡನೆಯ ಅಧ್ಯಾಯವು ಕೋಪವನ್ನು ಒಂದು ಸರಪಳಿಯ ನಡುವಿನ ಕೊಂಡಿಯಾಗಿ ಕಾಣುತ್ತದೆ. ಆಸಕ್ತಿಯಿಂದ ಬಯಕೆ, ಬಯಕೆಯಿಂದ ಕೋಪ, ಕೋಪದಿಂದ ಭ್ರಮೆ, ಅದರಿಂದ ಸ್ಮೃತಿನಾಶ, ಕೊನೆಗೆ ಬುದ್ಧಿನಾಶ ಎಂಬುದು ಅಲ್ಲಿನ ಕ್ರಮ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತಕ್ಕ ಕಾರಣಕ್ಕೆ, ತಕ್ಕ ವ್ಯಕ್ತಿಯ ಮೇಲೆ, ತಕ್ಕ ಪ್ರಮಾಣದಲ್ಲಿ ಕೋಪಗೊಳ್ಳುವುದನ್ನು ಸದ್ಗುಣವೆಂದೇ ಪರಿಗಣಿಸಿದನು. ರೋಮಿನ ಸೆನೆಕಾ ಇದನ್ನು ಒಪ್ಪಲಿಲ್ಲ. ಕೋಪಕ್ಕೆ ಉಪಯುಕ್ತ ಪಾಲೇ ಇಲ್ಲವೆಂದು ವಾದಿಸಿದ ಅವನು ವಿಳಂಬವನ್ನು ಅದರ ಅತ್ಯುತ್ತಮ ಪರಿಹಾರವೆಂದನು. ಈ ಇಬ್ಬರ ಭಿನ್ನಾಭಿಪ್ರಾಯ ಇಂದಿನ ಸಂಶೋಧನೆಯಲ್ಲಿಯೂ ಮುಂದುವರಿದಿದೆ.

ಜೈನ ಧರ್ಮವು ಕ್ರೋಧ, ಮಾನ, ಮಾಯೆ, ಲೋಭಗಳನ್ನು ನಾಲ್ಕು ಕಷಾಯಗಳೆಂದು ಕರೆಯುತ್ತದೆ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ಭರತ–ಬಾಹುಬಲಿ ಪ್ರಸಂಗವು ಕನ್ನಡ ಸಾಹಿತ್ಯದಲ್ಲಿ ಇದರ ಪ್ರಸಿದ್ಧ ನಿದರ್ಶನ. ಯುದ್ಧಗಳಲ್ಲಿ ಸೋತ ಭರತನು ಕೋಪದಿಂದ ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ಗೆದ್ದಿದ್ದ ಬಾಹುಬಲಿ ಪ್ರತಿಯಾಗಿ ಕೋಪವನ್ನು ಬೆಳೆಸದೆ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ತೆರಳುತ್ತಾನೆ.

ಕಲ್ಯಾಣದ ಶರಣರು

ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು 12ನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳನ ರಾಜಧಾನಿಯಾಗಿತ್ತು. ಬಸವಣ್ಣನವರು ಅಲ್ಲಿ ಭಂಡಾರಿಯಾಗಿ ಆಡಳಿತದ ಹೊಣೆ ಹೊತ್ತಿದ್ದರು. ಕಚೇರಿಯ ಅಧಿಕಾರ ಮತ್ತು ಸಮುದಾಯದ ನಾಯಕತ್ವ ಎರಡನ್ನೂ ಏಕಕಾಲಕ್ಕೆ ನಿರ್ವಹಿಸಿದ ಕಾರಣ ಅವರ ಜೀವನವನ್ನು ಈ ವಿಷಯದ ಚರ್ಚೆಯಲ್ಲಿ ಉದಾಹರಿಸುವುದುಂಟು. ಅವರ ವಚನಗಳಲ್ಲಿ ಇತರರ ಮೇಲೆ ಮುನಿಯದಿರುವುದು ಅಂತರಂಗ ಮತ್ತು ಬಹಿರಂಗ ಶುದ್ಧಿಯ ನಿಯಮಗಳಲ್ಲಿ ಒಂದಾಗಿ ಬರುತ್ತದೆ. ಕೋಪದ ಮೊದಲ ಹಾನಿ ಕೋಪಗೊಂಡವನಿಗೇ ಆಗುತ್ತದೆ ಎಂಬ ವಿಚಾರವೂ ಅವುಗಳಲ್ಲಿದೆ. ರಾಜಭಂಡಾರದ ಹಣವನ್ನು ಶರಣರಿಗಾಗಿ ದುರುಪಯೋಗ ಮಾಡಿದರೆಂಬ ಆರೋಪ ಬಂದಾಗ ಬಸವಣ್ಣನವರು ಲೆಕ್ಕ ಒಪ್ಪಿಸಿ ಅದನ್ನು ಎದುರಿಸಿದ ಪ್ರಸಂಗವನ್ನು ಬಸವಪುರಾಣದ ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯವರ ವಚನಗಳು ಹೊಗಳಿಕೆ ಮತ್ತು ತೆಗಳಿಕೆಗಳೆರಡರ ನಡುವೆಯೂ ಚಿತ್ತಶಾಂತಿಯನ್ನು ಕಾಯ್ದುಕೊಳ್ಳುವ ಅಗತ್ಯವನ್ನು ಸಾರುತ್ತವೆ.

ಕೆಲಸ ಮಾಡಿಸುವವನ ಕೋಪಕ್ಕೆ ಇನ್ನೂ ನೇರವಾದ ನಿದರ್ಶನ ಶೂನ್ಯಸಂಪಾದನೆಯಲ್ಲಿನ ಸಿದ್ಧರಾಮನ ಪ್ರಸಂಗ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಬಹಳ ಜನರನ್ನು ತೊಡಗಿಸಿ ಕೆರೆಯನ್ನು ತೋಡಿಸುತ್ತಿದ್ದನು. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ಹಗುರವಾಗಿ ಕರೆಯುತ್ತಾನೆ. ತಮ್ಮ ಒಡೆಯನಿಗಾದ ಅವಮಾನದಿಂದ ಕೆರಳಿದ ಕೆಲಸಗಾರರು ಅಲ್ಲಮನ ಮೇಲೆ ಕಲ್ಲೆಸೆಯುತ್ತಾರೆ. ಬಳಿಕ ಸಿದ್ಧರಾಮನೂ ಕೋಪದಿಂದ ಬರುತ್ತಾನೆ. ಅವನ ಕೋಪಾಗ್ನಿ ಅಲ್ಲಮನನ್ನು ಏನೂ ಮಾಡಲಾರದೆ ಹೋಗುತ್ತದೆ. ಮುಂದೆ ನಡೆಯುವ ಸಂವಾದದಲ್ಲಿ ಸಿದ್ಧರಾಮನು ತಾನು ಮಾಡುವ ಲೋಕೋಪಕಾರದೊಳಗೆ 'ನಾನು ಮಾಡಿದೆ' ಎಂಬ ಅಹಂಭಾವ ಅಡಗಿದ್ದುದನ್ನು ಕಂಡುಕೊಂಡು ಕಲ್ಯಾಣಕ್ಕೆ ತೆರಳುತ್ತಾನೆ. ಒಳ್ಳೆಯ ಕೆಲಸದಲ್ಲಿ ತೊಡಗಿದವನಿಗೂ ಗೌರವಕ್ಕೆ ಬಿದ್ದ ಪೆಟ್ಟೇ ದೊಡ್ಡ ಪ್ರಚೋದಕವಾಗುತ್ತದೆ ಎಂಬುದನ್ನು ಈ ಕಥನ ತೋರಿಸುತ್ತದೆ. ನಾಯಕನ ಮಾನವನ್ನು ಕಾಯುವ ಹೆಸರಿನಲ್ಲಿ ಅನುಯಾಯಿಗಳು ಅವನಿಗಿಂತ ಮೊದಲೇ ಕೋಪಗೊಳ್ಳುವುದನ್ನೂ ಇಲ್ಲಿ ಕಾಣಬಹುದು.

ಇದಕ್ಕೆ ವಿರುದ್ಧವಾದ ಚಿತ್ರವು ಬಿಜ್ಜಳನದು. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮೂಲದ ಮಧುವರಸರ ಮಕ್ಕಳ ವಿವಾಹದ ನಂತರ ಅವನು ಇಬ್ಬರು ತಂದೆಯರಿಗೂ ಕ್ರೂರ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಈ ಘಟನೆಗೆ ಕೋಪವೊಂದೇ ಕಾರಣವಲ್ಲ. ಜಾತಿವ್ಯವಸ್ಥೆ ಮತ್ತು ಆಸ್ಥಾನದ ಒತ್ತಡಗಳು ಅದರ ಹಿಂದಿದ್ದವು. ಆದರೂ ಅದರ ಬೆನ್ನಿಗೆ ಬಂದ ಬಿಜ್ಜಳನ ಹತ್ಯೆ, ಶರಣರ ಚದುರುವಿಕೆ ಮತ್ತು ಕಲ್ಯಾಣದ ಅವನತಿಗಳು ದಂಡಪಾರುಷ್ಯದ ಪರಿಣಾಮ ದಂಡಿಸಿದವನನ್ನೂ ಬಿಡುವುದಿಲ್ಲವೆಂಬುದಕ್ಕೆ ಸಾಕ್ಷಿಯಾಗಿವೆ.

ಆಧುನಿಕ ಮನೋವಿಜ್ಞಾನ

ವಾಲ್ಟರ್ ಕ್ಯಾನನ್ 1915ರ ತನ್ನ ಗ್ರಂಥದಲ್ಲಿ ನೋವು, ಹಸಿವು, ಭಯ, ಕೋಪಗಳಲ್ಲಿ ದೇಹದಲ್ಲಾಗುವ ಬದಲಾವಣೆಗಳನ್ನು ವಿವರಿಸಿದನು. 1950 ಮತ್ತು 1960ರ ದಶಕಗಳಲ್ಲಿ ಆಲ್ಬರ್ಟ್ ಎಲಿಸ್ ಮತ್ತು ಆರನ್ ಬೆಕ್ ಭಾವನೆಗಳನ್ನು ಘಟನೆಗಿಂತ ಹೆಚ್ಚಾಗಿ ಅದರ ಬಗೆಗಿನ ವ್ಯಾಖ್ಯಾನವು ರೂಪಿಸುತ್ತದೆ ಎಂಬ ನೆಲೆಯಿಂದ ಚಿಕಿತ್ಸಾ ಪದ್ಧತಿಗಳನ್ನು ಬೆಳೆಸಿದರು. ರೇಮಂಡ್ ನೊವಾಕೊ 1975ರಲ್ಲಿ ಪ್ರಕಟಿಸಿದ ಕೃತಿಯು ಕೋಪ ನಿಯಂತ್ರಣ ಚಿಕಿತ್ಸೆಗೆ ಬುನಾದಿಯಾಯಿತು. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ಮಂಡಿಸಿದ 'ಭಾವನಾತ್ಮಕ ಬುದ್ಧಿವಂತಿಕೆ' ಎಂಬ ಪರಿಕಲ್ಪನೆಯನ್ನು ಡೇನಿಯಲ್ ಗೋಲ್ಮನ್ನನ 1995ರ ಪುಸ್ತಕವು ಜನಪ್ರಿಯಗೊಳಿಸಿತು. ಆ ಬಳಿಕ ಈ ವಿಷಯ ವ್ಯವಸ್ಥಾಪಕರ ತರಬೇತಿಯ ಭಾಗವಾಯಿತು.

ಶಾರೀರಿಕ ಪ್ರಕ್ರಿಯೆ

ಬೆದರಿಕೆ ಅಥವಾ ಅವಮಾನವನ್ನು ಗ್ರಹಿಸಿದಾಗ ಮೆದುಳಿನ ಅಮಿಗ್ಡಲಾ ಮೊದಲಾದ ಭಾಗಗಳು ಎಚ್ಚರಗೊಂಡು, ಹೈಪೊಥಲಾಮಸ್ ಮೂಲಕ ಅನುವೇದಕ ನರವ್ಯೂಹವನ್ನು ಪ್ರಚೋದಿಸುತ್ತವೆ. ಅಡ್ರಿನಲಿನ್ ಸ್ರವಿಸುತ್ತದೆ. ಹೃದಯದ ಬಡಿತ, ಉಸಿರಾಟದ ವೇಗ ಮತ್ತು ರಕ್ತದೊತ್ತಡ ಏರುತ್ತವೆ. ದವಡೆ ಬಿಗಿಯುವುದು, ಮುಖ ಕೆಂಪಾಗುವುದು, ಧ್ವನಿ ಏರುವುದು ಹೊರಗೆ ಕಾಣುವ ಲಕ್ಷಣಗಳು. ಅಳೆದು ತೂಗಿ ನಿರ್ಣಯಿಸುವ ಕೆಲಸದಲ್ಲಿ ಮೆದುಳಿನ ಮುಂಭಾಗದ ತೊಗಟೆಗೆ ಮುಖ್ಯ ಪಾತ್ರವಿದೆ. ತೀವ್ರ ಉದ್ರೇಕದ ಸಮಯದಲ್ಲಿ ಅದರ ಹತೋಟಿ ಸಡಿಲಗೊಳ್ಳುತ್ತದೆ.

ಕಾರಣವು ಮುಗಿದ ಮೇಲೂ ದೇಹದ ಉದ್ರೇಕ ಕೂಡಲೇ ಇಳಿಯುವುದಿಲ್ಲ. ಡಾಲ್ಫ್ ಜಿಲ್‌ಮನ್ ಮಂಡಿಸಿದ ಉದ್ರೇಕ ವರ್ಗಾವಣೆಯ ಸಿದ್ಧಾಂತದಂತೆ, ಒಂದು ಘಟನೆಯಿಂದ ಉಳಿದ ಉದ್ರೇಕವು ಮುಂದಿನ ಘಟನೆಯ ಕೋಪವನ್ನು ಹೆಚ್ಚಿಸುತ್ತದೆ. ಸಭೆಯಲ್ಲಿ ಟೀಕೆಗೆ ಒಳಗಾದ ಅಧಿಕಾರಿಯು ಅದರ ಬೆನ್ನಿಗೇ ಸಣ್ಣ ತಪ್ಪೊಂದಕ್ಕೆ ಸಿಡಿಯುವುದರ ಹಿಂದೆ ಈ ಕಾರಣ ಇರಬಹುದು. ನಿದ್ರೆಯ ಕೊರತೆ, ಹಸಿವು, ದೈಹಿಕ ನೋವು ಮತ್ತು ಮದ್ಯಪಾನಗಳು ಸಹನೆಯನ್ನು ಕುಗ್ಗಿಸುತ್ತವೆ.

ಸಾಮಾನ್ಯ ಪ್ರಚೋದಕಗಳು

ಕಾರ್ಯಸ್ಥಳದಲ್ಲಿ ನಾಯಕರ ಕೋಪವನ್ನು ಕೆರಳಿಸುವ ಸನ್ನಿವೇಶಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

• ಗೌರವಕ್ಕೆ ಸಂಬಂಧಿಸಿದವು: ಇತರರ ಎದುರು ಆಕ್ಷೇಪಣೆ, ಆಜ್ಞೆಯ ಕಡೆಗಣನೆ, ಮೇಲಿನವರಿಗೆ ನೇರವಾಗಿ ಹೋದ ದೂರು.
• ಗುರಿಗೆ ಸಂಬಂಧಿಸಿದವು: ಗಡುವು ಮೀರುವುದು, ಹೇಳಿದ ಕೆಲಸ ಆಗದಿರುವುದು, ಒಂದೇ ತಪ್ಪು ಮತ್ತೆ ಮತ್ತೆ ಆಗುವುದು.
• ನ್ಯಾಯಕ್ಕೆ ಸಂಬಂಧಿಸಿದವು: ಸುಳ್ಳು ಲೆಕ್ಕ, ಕೆಲಸಗಳ್ಳತನ, ಪಕ್ಷಪಾತ, ದುರ್ಬಲರ ಶೋಷಣೆ.
• ಒತ್ತಡಕ್ಕೆ ಸಂಬಂಧಿಸಿದವು: ಮೇಲಿನವರ ತಪಾಸಣೆ, ಸಿಬ್ಬಂದಿ ಕೊರತೆ, ಅನುದಾನದ ವಿಳಂಬ.
• ವೈಯಕ್ತಿಕ ಹಿನ್ನೆಲೆಯವು: ಬಾಲ್ಯದ ಅಥವಾ ಹಿಂದಿನ ಸೇವೆಯ ಕಹಿ ನೆನಪುಗಳನ್ನು ಕೆದಕುವ ಧ್ವನಿ, ಮಾತು ಅಥವಾ ನೋಟ.

ಇವುಗಳಲ್ಲಿ ಗೌರವದ ಪ್ರಶ್ನೆಗೆ ಕನ್ನಡದ ಕಾರ್ಯಸ್ಥಳಗಳಲ್ಲಿ ವಿಶೇಷ ರೂಪವಿದೆ. ಕನ್ನಡದಲ್ಲಿ 'ನೀವು' ಎಂಬ ಬಹುವಚನವು ಗೌರವವನ್ನೂ 'ನೀನು' ಎಂಬ ಏಕವಚನವು ಸಲುಗೆಯನ್ನು ಇಲ್ಲವೇ ಕೀಳ್ಗಳೆಯುವಿಕೆಯನ್ನೂ ಸೂಚಿಸುತ್ತದೆ. ಕೋಪಗೊಂಡ ಅಧಿಕಾರಿಯು ಬಹುವಚನದಿಂದ ಏಕವಚನಕ್ಕೆ ಇಳಿದ ಕ್ಷಣವನ್ನು ಕೇಳುಗರು ತಕ್ಷಣ ಗುರುತಿಸುತ್ತಾರೆ. ಬೈಗುಳವೇ ಇಲ್ಲದಿದ್ದರೂ ಏಕವಚನದ ಬಳಕೆಯೇ ದೂರಿಗೆ ಕಾರಣವಾದ ಸಂದರ್ಭಗಳಿವೆ. 'ಏಕವಚನದಲ್ಲಿ ನಿಂದಿಸಿದರು' ಎಂಬುದು ಪತ್ರಿಕಾ ವರದಿಗಳಲ್ಲಿಯೂ ಪರಿಚಿತ ನುಡಿಗಟ್ಟು. ವಯಸ್ಸಿನಲ್ಲಿ ಹಿರಿಯನಾದ ಜವಾನನನ್ನು ಅಥವಾ ಅಡುಗೆ ಸಹಾಯಕಿಯನ್ನು ಸದಾ ಏಕವಚನದಲ್ಲಿಯೇ ಕರೆಯುವ ರೂಢಿಯಿರುವಲ್ಲಿ ಕೋಪ ಮತ್ತು ಸಾಮಾಜಿಕ ತಾರತಮ್ಯಗಳು ಒಂದರೊಳಗೊಂದು ಬೆರೆತಿರುತ್ತವೆ.

ಪರಿಣಾಮಗಳು

ಬೆನೆಟ್ ಟೆಪ್ಪರ್ 2000ದಲ್ಲಿ ಪ್ರಕಟಿಸಿದ ಅಧ್ಯಯನವು ನಿಂದನಾತ್ಮಕ ಮೇಲ್ವಿಚಾರಣೆಗೆ ಒಳಗಾದ ನೌಕರರು ಕೆಲಸ ಬಿಡುವ ಸಾಧ್ಯತೆ ಹೆಚ್ಚೆಂದೂ, ಬಿಡದೆ ಉಳಿದವರಲ್ಲಿ ಕೆಲಸದ ತೃಪ್ತಿ ಕುಗ್ಗಿ ಮಾನಸಿಕ ಯಾತನೆ ಹೆಚ್ಚುತ್ತದೆಂದೂ ತೋರಿಸಿತು. ಬೇರೆ ಉದ್ಯೋಗ ಸಿಗುವ ಅವಕಾಶ ಕಡಿಮೆಯಿದ್ದವರಲ್ಲಿ ಪರಿಣಾಮ ಹೆಚ್ಚು ತೀವ್ರವಾಗಿತ್ತು.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದಾಗ, ಉತ್ತಮ ನಾಯಕತ್ವವಿದ್ದ ತಂಡಗಳಲ್ಲಿ ಔಷಧ ನೀಡಿಕೆಯ ತಪ್ಪುಗಳು ಹೆಚ್ಚು ದಾಖಲಾಗಿದ್ದುದು ಕಂಡುಬಂದಿತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂಬುದಕ್ಕಿಂತ, ಅವು ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದವು ಎಂಬುದೇ ಇದಕ್ಕೆ ಸೂಕ್ತ ವಿವರಣೆಯಾಯಿತು. 1999ರಲ್ಲಿ ಅವರು 'ಮಾನಸಿಕ ಸುರಕ್ಷತೆ' ಎಂಬ ಪರಿಕಲ್ಪನೆಯನ್ನು ತಂಡಗಳ ಕಲಿಕೆಗೆ ಅನ್ವಯಿಸಿ ವಿಸ್ತರಿಸಿದರು. ಮೇಲಿನವರ ಸಿಟ್ಟಿಗೆ ಹೆದರುವ ಕಡೆ ತಪ್ಪು ಕಡಿಮೆಯಾಗುವುದಿಲ್ಲ, ತಪ್ಪಿನ ಸುದ್ದಿ ಮಾತ್ರ ತಡವಾಗುತ್ತದೆ. ಆಸ್ಪತ್ರೆಯಲ್ಲಿ ತಪ್ಪಾದ ಔಷಧ, ಕಾರ್ಖಾನೆಯಲ್ಲಿ ಕೆಟ್ಟ ಯಂತ್ರ, ಶಾಲೆಯಲ್ಲಿ ಬಾರದೆ ಉಳಿದ ಮಗು, ಸಹಕಾರ ಸಂಘದಲ್ಲಿ ಹೊಂದಿಕೆಯಾಗದ ಲೆಕ್ಕ, ಇವೆಲ್ಲ ತಿಳಿಯಬೇಕಾದವರಿಗೆ ಕೊನೆಯಲ್ಲಿ ತಿಳಿಯುತ್ತವೆ.

ನಿರ್ವಹಣಾ ವಿಧಾನಗಳು

ಜೇಮ್ಸ್ ಗ್ರಾಸ್ 1998ರಲ್ಲಿ ಮಂಡಿಸಿದ ಮಾದರಿಯು ಭಾವ ನಿಯಂತ್ರಣವನ್ನು ಐದು ಹಂತಗಳಲ್ಲಿ ನೋಡುತ್ತದೆ: ಸನ್ನಿವೇಶದ ಆಯ್ಕೆ, ಸನ್ನಿವೇಶದ ಬದಲಾವಣೆ, ಗಮನದ ಹೊರಳಿಸುವಿಕೆ, ಅರ್ಥದ ಬದಲಾವಣೆ ಮತ್ತು ಪ್ರತಿಕ್ರಿಯೆಯ ಹತೋಟಿ. ಕೋಪ ಪೂರ್ಣವಾಗಿ ಏರುವ ಮೊದಲೇ ಬಳಸುವ ವಿಧಾನಗಳು, ಏರಿದ ಮೇಲೆ ಅದುಮುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಫಲಕಾರಿ.

ಮುನ್ನೆಚ್ಚರಿಕೆ

ಕೆಲವು ವಾರಗಳ ಕಾಲ ಕೋಪ ಬಂದ ಸಮಯ, ಸ್ಥಳ, ಎದುರಿದ್ದ ವ್ಯಕ್ತಿ, ಕೇಳಿದ ಮಾತು ಮತ್ತು ದೇಹದ ಲಕ್ಷಣಗಳನ್ನು ಬರೆದಿಟ್ಟರೆ ಪ್ರಚೋದಕಗಳ ಕ್ರಮ ಗೋಚರಿಸುತ್ತದೆ. ಊಟಕ್ಕೆ ಮುಂಚಿನ ಹೊತ್ತು ಅಥವಾ ತಿಂಗಳ ಕೊನೆಯ ವರದಿಯ ದಿನವೇ ಪದೇ ಪದೇ ಬರುತ್ತಿದ್ದರೆ ಕಠಿಣ ಮಾತುಕತೆಗಳನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳುವುದು ಸನ್ನಿವೇಶದ ಆಯ್ಕೆಯಾಗುತ್ತದೆ. ಕೆಲಸವನ್ನು ಲಿಖಿತವಾಗಿ, ಗಡುವಿನೊಡನೆ ಹಂಚಿಕೊಡುವುದು 'ಎಷ್ಟು ಸಲ ಹೇಳಬೇಕು' ಎಂಬ ಬಗೆಯ ಕೋಪವನ್ನು ಕಡಿಮೆ ಮಾಡುತ್ತದೆ.

ಆ ಕ್ಷಣದಲ್ಲಿ

ಉಸಿರನ್ನು ನಿಧಾನವಾಗಿ ಬಿಡುವುದು, ಕುಳಿತುಕೊಳ್ಳುವುದು, ನೀರು ಕುಡಿಯುವುದು, ಉತ್ತರವನ್ನು ಮುಂದೂಡುವುದು ಸರಳವಾದ ಉಪಾಯಗಳು. ವಿರಾಮ ಪಡೆಯುವಾಗ ಮತ್ತೆ ಮಾತನಾಡುವ ಸಮಯವನ್ನು ತಿಳಿಸುವುದು ಮುಖ್ಯ. ಹಾಗೆ ಹೇಳದೆ ಎದ್ದು ಹೋದರೆ ಅದೂ ಒಂದು ಶಿಕ್ಷೆಯಂತೆ ತೋರುತ್ತದೆ. ಕೋಪದಲ್ಲಿ ಬರೆದ ಜ್ಞಾಪನ ಪತ್ರ, ಮಿಂಚಂಚೆ ಅಥವಾ ವಾಟ್ಸ್‌ಆ್ಯಪ್ ಗುಂಪಿನ ಸಂದೇಶವನ್ನು ಮರುದಿನದವರೆಗೆ ಕಳುಹಿಸದಿರುವುದು ಸೆನೆಕಾ ಹೇಳಿದ ವಿಳಂಬದ ಇಂದಿನ ರೂಪ.

ಅರ್ಥದ ಬದಲಾವಣೆ ಎಂದರೆ ಘಟನೆಗೆ ಬೇರೆ ವಿವರಣೆಯನ್ನು ಪರಿಶೀಲಿಸುವುದು. ತಡವಾಗಿ ಬಂದ ಶಿಕ್ಷಕಿಯ ವರ್ತನೆಯನ್ನು ಅಸಡ್ಡೆಯೆಂದು ತೀರ್ಮಾನಿಸುವ ಮೊದಲು ಬಸ್ಸು ತಪ್ಪಿತೇ, ಮನೆಯಲ್ಲಿ ಅನಾರೋಗ್ಯವೇ ಎಂದು ವಿಚಾರಿಸುವುದು ಇದರ ಉದಾಹರಣೆ. ತಪ್ಪನ್ನು ಕ್ಷಮಿಸುವುದಕ್ಕಿಂತ ಮೊದಲು ತಪ್ಪು ಯಾವುದೆಂದು ತಿಳಿಯುವುದು ಇದರ ಗುರಿ.

ಕೋಪದ ಅಭಿವ್ಯಕ್ತಿ

ಅಸಮಾಧಾನವನ್ನು ಹೇಳಲೇಬೇಕಾದಾಗ ನಾಲ್ಕು ಅಂಶಗಳನ್ನು ಪಾಲಿಸಲು ಸಲಹೆ ನೀಡಲಾಗುತ್ತದೆ: ಏಕಾಂತದಲ್ಲಿ ಹೇಳುವುದು, ವ್ಯಕ್ತಿಯ ಸ್ವಭಾವವನ್ನು ಬಿಟ್ಟು ನಡೆದ ಕೃತ್ಯವನ್ನು ಹೇಳುವುದು, ಅದರಿಂದಾದ ತೊಂದರೆಯನ್ನು ವಿವರಿಸುವುದು, ಮುಂದೆ ಏನಾಗಬೇಕೆಂದು ಸ್ಪಷ್ಟಪಡಿಸುವುದು. 'ನೀವು ಬೇಜವಾಬ್ದಾರಿ ಮನುಷ್ಯ' ಎಂಬ ಮಾತಿಗೆ ಉತ್ತರವಿಲ್ಲ. 'ಹಾಜರಿ ಪಟ್ಟಿ ಎರಡು ದಿನ ತಡವಾಯಿತು, ಆದ್ದರಿಂದ ಬಿಸಿಯೂಟದ ಅಕ್ಕಿಯ ಲೆಕ್ಕ ಹೊಂದಲಿಲ್ಲ' ಎಂಬ ಮಾತಿಗೆ ಉತ್ತರವೂ ಇದೆ, ಪರಿಹಾರವೂ ಇದೆ.

ನಂತರ

ಮಿತಿಮೀರಿ ವರ್ತಿಸಿದ ನಾಯಕನು ಕ್ಷಮೆ ಕೇಳುವುದರಿಂದ ಅಧಿಕಾರ ಕುಗ್ಗುತ್ತದೆಂಬ ಭಾವನೆ ವ್ಯಾಪಕವಾಗಿದೆ. ಕ್ಷಮೆಯು ಕೃತ್ಯವನ್ನು ಹೆಸರಿಸಿ, ನೆಪ ಹೇಳದೆ, ಬೈದ ಜನರ ಎದುರಿನಲ್ಲಿಯೇ ಬಂದರೆ ಅದಕ್ಕೆ ತೂಕವಿರುತ್ತದೆ. ಎಲ್ಲರೆದುರು ಅವಮಾನಿಸಿ ಕೋಣೆಯೊಳಗೆ ಕರೆದು ಕ್ಷಮೆ ಕೇಳುವುದು ಅರ್ಧ ಪರಿಹಾರ ಮಾತ್ರ. ಅದೇ ವರ್ತನೆ ಮರುಕಳಿಸುತ್ತಿದ್ದರೆ ಕ್ಷಮೆಯೂ ಬೆಲೆ ಕಳೆದುಕೊಳ್ಳುತ್ತದೆ. 'ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು' ಎಂಬ ಗಾದೆ ಈ ಮಿತಿಯನ್ನು ನೆನಪಿಸುತ್ತದೆ.

ಫಲಕಾರಿಯಲ್ಲದ ವಿಧಾನಗಳು

ಕೋಪವನ್ನು ಕಾರಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆಯನ್ನು ಪ್ರಯೋಗಗಳು ಸಮರ್ಥಿಸಿಲ್ಲ. ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಪ ತರಿಸಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರ ಕೋಪ ಏನೂ ಮಾಡದೆ ಕುಳಿತವರಿಗಿಂತ ಹೆಚ್ಚಾಗಿತ್ತು. ಸೋಫಿ ಶೆರ್ವಿಕ್ ಮತ್ತು ಬುಶ್‌ಮನ್ 2024ರಲ್ಲಿ 154 ಅಧ್ಯಯನಗಳ 10,189 ಜನರ ಮಾಹಿತಿಯನ್ನು ಒಟ್ಟಾಗಿ ವಿಶ್ಲೇಷಿಸಿದರು. ದೀರ್ಘ ಉಸಿರಾಟ, ಧ್ಯಾನ, ಯೋಗದಂತಹ ಉದ್ರೇಕ ತಗ್ಗಿಸುವ ಚಟುವಟಿಕೆಗಳು ಕೋಪವನ್ನು ಕಡಿಮೆ ಮಾಡಿದವು. ಉದ್ರೇಕವನ್ನು ಹೆಚ್ಚಿಸುವ ಚಟುವಟಿಕೆಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಇನ್ನೊಂದು ತುದಿಯಲ್ಲಿ, ಮುಖದಲ್ಲಿ ಏನೂ ತೋರದಂತೆ ಕೋಪವನ್ನು ಅದುಮುವ ಅಭ್ಯಾಸವು ಒಳಗಿನ ಶಾರೀರಿಕ ಉದ್ರೇಕವನ್ನು ಇಳಿಸುವುದಿಲ್ಲ.

ಗ್ರಾಮೀಣ ಕಾರ್ಯಸ್ಥಳಗಳು

ಈ ವಿಷಯದ ಹೆಚ್ಚಿನ ಸಾಹಿತ್ಯವು ನಗರದ ದೊಡ್ಡ ಕಂಪನಿಗಳನ್ನು ಗಮನದಲ್ಲಿ ಇಟ್ಟುಕೊಂಡಿದೆ. ಬೀದರ ಜಿಲ್ಲೆಯ ಹುಮನಾಬಾದ್–ಬಸವಕಲ್ಯಾಣ ಭಾಗದ ಕೊಡಂಬಲದಂತಹ ಊರುಗಳಲ್ಲಿ ಕಾರ್ಯಸ್ಥಳವೆಂದರೆ ಸರ್ಕಾರಿ ಶಾಲೆ, ಗ್ರಾಮ ಪಂಚಾಯತಿ, ಅಂಗನವಾಡಿ, ಆರೋಗ್ಯ ಕೇಂದ್ರ, ಸಹಕಾರ ಸಂಘ ಮತ್ತು ಹೊಲ. ಇಲ್ಲಿ ಮುಖ್ಯೋಪಾಧ್ಯಾಯರು ಮತ್ತು ಅಡುಗೆಯವರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮತ್ತು ನೀರು ಬಿಡುವವರು, ಹೊಲದ ಮಾಲೀಕ ಮತ್ತು ಕೂಲಿಯವರು ಸಂಜೆ ಒಂದೇ ಊರಿನಲ್ಲಿ, ಒಂದೇ ಜಾತ್ರೆ, ಮದುವೆಗಳಲ್ಲಿ ಮತ್ತೆ ಎದುರಾಗುತ್ತಾರೆ. ಕಚೇರಿಯಲ್ಲಿ ಆಡಿದ ಮಾತು ಕಚೇರಿಯಲ್ಲಿಯೇ ಉಳಿಯುವುದಿಲ್ಲ. ಬೈಸಿಕೊಂಡವನ ಜೊತೆಗೆ ಅವನ ಮನೆತನ ಮತ್ತು ಓಣಿ ಅದನ್ನು ನೆನಪಿಡುತ್ತವೆ. ಅದೇ ಕಾರಣಕ್ಕೆ ಹಿರಿಯರ ಮಧ್ಯಸ್ಥಿಕೆಯಿಂದ ರಾಜಿಯಾಗುವ ಅವಕಾಶವೂ ಹೆಚ್ಚು. ಆದರೆ ಬಲಾಢ್ಯರ ಒತ್ತಡದಿಂದ ದುರ್ಬಲನ ದೂರು ಮುಚ್ಚಿಹೋಗುವ ಅಪಾಯವೂ ಇದರಲ್ಲಿದೆ.

ಕನ್ನಡ, ಮರಾಠಿ, ತೆಲುಗು ಮತ್ತು ದಖನಿ ಉರ್ದು ಒಟ್ಟಿಗೆ ಬಳಕೆಯಲ್ಲಿರುವ ಈ ಗಡಿಭಾಗದಲ್ಲಿ ಭಾಷೆಯೂ ತಪ್ಪು ತಿಳಿವಳಿಕೆಗೆ ಎಡೆಮಾಡಬಲ್ಲದು. ಮರಾಠಿಯಲ್ಲಿ 'ರಾಗ' ಎಂದರೆ ಕೋಪ, ಕನ್ನಡದಲ್ಲಿ ಅದು ಸಂಗೀತದ ಸ್ವರಸಂಚಾರ ಅಥವಾ ಪ್ರೀತಿ. ಬೇರೆ ಪ್ರದೇಶದಿಂದ ವರ್ಗವಾಗಿ ಬಂದ ಅಧಿಕಾರಿಗೆ ಸ್ಥಳೀಯರ ನೇರ ಮಾತು ಉದ್ಧಟತನದಂತೆ ಕೇಳಿಸುವುದುಂಟು.

ಶಾಲೆಗಳಲ್ಲಿ ಈ ಪ್ರಶ್ನೆ ಇನ್ನೊಂದು ಹಂತ ಕೆಳಗೆ ಇಳಿಯುತ್ತದೆ. ತಪಾಸಣೆಯಲ್ಲಿ ಮುಖ್ಯೋಪಾಧ್ಯಾಯರು, ಅವರಿಂದ ಶಿಕ್ಷಕರು ಬೈಸಿಕೊಂಡಾಗ ಸರಪಳಿಯ ಕೊನೆಯಲ್ಲಿ ನಿಲ್ಲುವುದು ವಿದ್ಯಾರ್ಥಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಕೋಪವು ಅಪರಾಧವಲ್ಲ. ಅದರಿಂದ ಹೊರಡುವ ಕೆಲವು ಮಾತು ಮತ್ತು ಕೃತ್ಯಗಳು ಅಪರಾಧಗಳಾಗುತ್ತವೆ. ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶದ ಅವಮಾನವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 352ನೆಯ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯನ್ನು ಆ ವರ್ಗಕ್ಕೆ ಸೇರದವರು ಸಾರ್ವಜನಿಕರಿಗೆ ಕಾಣುವಂತೆ ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ದಂಡನೀಯಗೊಳಿಸಿದೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಿದ್ದು, ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2019ರಲ್ಲಿ ಅಂಗೀಕರಿಸಿದ 190ನೆಯ ಒಡಂಬಡಿಕೆಯು ಕೆಲಸದ ಲೋಕದಲ್ಲಿನ ಹಿಂಸೆ ಮತ್ತು ಕಿರುಕುಳವನ್ನು ಕುರಿತಾಗಿದೆ.

ವಿಮರ್ಶೆ

ಕೋಪ ನಿರ್ವಹಣೆಯ ಪರಿಕಲ್ಪನೆಯ ಬಗೆಗೆ ಹಲವು ಆಕ್ಷೇಪಗಳಿವೆ. ಮೊದಲನೆಯದು, ನ್ಯಾಯಯುತ ಕೋಪವನ್ನೂ ದೋಷವೆಂದು ಕಾಣುವ ಅಪಾಯ. ವಂಚನೆ, ತಾರತಮ್ಯ ಅಥವಾ ಸುರಕ್ಷತೆಯ ಉಲ್ಲಂಘನೆಯನ್ನು ಕಂಡೂ ಶಾಂತನಾಗಿರುವ ನಾಯಕನು ಹೊಣೆಗೇಡಿಯೂ ಆಗಿರಬಹುದು. ಡೀನಾ ಗೆಡ್ಡೆಸ್ ಮತ್ತು ರೋಂಡಾ ಕ್ಯಾಲಿಸ್ಟರ್ 2007ರಲ್ಲಿ ಮಂಡಿಸಿದ ಎರಡು ಹೊಸ್ತಿಲುಗಳ ಮಾದರಿಯಂತೆ, ಕೋಪವು ಎಂದೂ ಹೊರಗೆ ಬಾರದಿದ್ದರೆ ಸಮಸ್ಯೆ ಬಗೆಹರಿಯುವುದಿಲ್ಲ. ಅದು ಸಂಸ್ಥೆ ಒಪ್ಪುವ ಮಿತಿಯನ್ನು ಮೀರಿದರೆ ಹೊಸ ಸಮಸ್ಯೆ ಹುಟ್ಟುತ್ತದೆ.

ಎರಡನೆಯದು ಲಿಂಗ ತಾರತಮ್ಯ. ವಿಕ್ಟೋರಿಯಾ ಬ್ರೆಸ್ಕಾಲ್ ಮತ್ತು ಎರಿಕ್ ಉಲ್‌ಮನ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೋಪ ತೋರಿದ ಪುರುಷರಿಗಿಂತ ಕೋಪ ತೋರಿದ ಮಹಿಳೆಯರಿಗೆ ಜನರು ಕಡಿಮೆ ಸ್ಥಾನಮಾನ ನೀಡಿದರು. ಪುರುಷನ ಕೋಪಕ್ಕೆ ಸನ್ನಿವೇಶವನ್ನೂ ಮಹಿಳೆಯ ಕೋಪಕ್ಕೆ ಅವಳ ಸ್ವಭಾವವನ್ನೂ ಕಾರಣವಾಗಿ ಕಾಣುವ ಪ್ರವೃತ್ತಿ ಇದರಲ್ಲಿ ವ್ಯಕ್ತವಾಯಿತು.

ಮೂರನೆಯದು, ವ್ಯವಸ್ಥೆಯ ದೋಷವನ್ನು ವ್ಯಕ್ತಿಯ ಮನಸ್ಸಿನ ಮೇಲೆ ಹೊರಿಸುವುದು. ಆರ್ಲಿ ಹಾಕ್‌ಶೀಲ್ಡ್ 1983ರ ತನ್ನ ಕೃತಿಯಲ್ಲಿ ಸಂಬಳಕ್ಕಾಗಿ ಭಾವನೆಗಳನ್ನು ಹತೋಟಿಯಲ್ಲಿಡುವ 'ಭಾವಶ್ರಮ'ದ ಬೆಲೆಯನ್ನು ಚರ್ಚಿಸಿದ್ದಾರೆ. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ದೂರುಗಳ ಹಿನ್ನೆಲೆಯಲ್ಲಿ ಕಾರ್ಮಿಕರ ಆಕ್ರೋಶ ಸ್ಫೋಟಗೊಂಡು ಆಸ್ತಿಗೆ ಹಾನಿಯಾಯಿತು. ಬಳಿಕ ಕಂಪನಿಯು ಕೆಲವು ಕಾರ್ಮಿಕರಿಗೆ ವೇತನ ಸರಿಯಾಗಿ ಪಾವತಿಯಾಗಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಇಂತಹ ಸಂದರ್ಭದಲ್ಲಿ ಉಸಿರಾಟದ ತರಬೇತಿ ಪರಿಹಾರವಾಗಲಾರದು. ಸಮಯಕ್ಕೆ ಸರಿಯಾದ ವೇತನ ಮತ್ತು ದೂರು ಆಲಿಸುವ ವ್ಯವಸ್ಥೆಯೇ ಪರಿಹಾರ. ನಾಯಕನು ತನ್ನ ಕೋಪವನ್ನು ನಿಭಾಯಿಸುವಷ್ಟೇ ಇತರರ ಕೋಪದಲ್ಲಿರುವ ಮಾಹಿತಿಯನ್ನು ಓದಿಕೊಳ್ಳುವುದೂ ಮುಖ್ಯವೆಂದು ವಿಮರ್ಶಕರು ಹೇಳುತ್ತಾರೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಬೆಂಗಳೂರಿನ ಕ್ರಿಕೆಟಿಗ ರಾಹುಲ್ ದ್ರಾವಿಡ್ ಶಾಂತ ಸ್ವಭಾವದ ನಾಯಕರಿಗೆ ಮಾದರಿಯೆಂದು ಹೆಸರಾದವರು. 2014ರ ಐಪಿಎಲ್‌ನಲ್ಲಿ ಮುಂಬಯಿ ಇಂಡಿಯನ್ಸ್ ವಿರುದ್ಧ ತಮ್ಮ ತಂಡ ಸೋತಾಗ ಅವರು ಟೊಪ್ಪಿಯನ್ನು ನೆಲಕ್ಕೆಸೆದದ್ದು ಅಪರೂಪದ ಘಟನೆಯಾಗಿ ಸುದ್ದಿಯಾಯಿತು. 2021ರ ಜಾಹೀರಾತೊಂದರಲ್ಲಿ ಅವರು ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ಕೋಪದಿಂದ ಕೂಗಾಡುವ ಪಾತ್ರ ವಹಿಸಿದರು. ಅದರ ಹಾಸ್ಯವು ಅವರ ಸಹನೆಯ ಖ್ಯಾತಿಯನ್ನೇ ಅವಲಂಬಿಸಿತ್ತು.

ನೆರವು

ಕೋಪವು ಹೊಡೆತ, ವಸ್ತುನಾಶ, ಮದ್ಯವ್ಯಸನ ಅಥವಾ ಸಂಬಂಧಗಳ ಮುರಿತಕ್ಕೆ ಕಾರಣವಾಗುತ್ತಿದ್ದರೆ ತಜ್ಞರ ಸಲಹೆ ಅಗತ್ಯ. ಖಿನ್ನತೆ, ಆತಂಕ ಮುಂತಾದ ಸಮಸ್ಯೆಗಳೂ ಕಿರಿಕಿರಿ ಮತ್ತು ಸಿಟ್ಟಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಹಾಗೂ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ ಸೇವೆಯಾಗಿದ್ದು ಕನ್ನಡದಲ್ಲಿಯೂ ಲಭ್ಯವಿದೆ.

ಇವನ್ನೂ ನೋಡಿ

• ಅರಿಷಡ್ವರ್ಗ
• ಅರ್ಥಶಾಸ್ತ್ರ (ಗ್ರಂಥ)
• ಬಸವಕಲ್ಯಾಣ
• ಶೂನ್ಯಸಂಪಾದನೆ
• ಭಾವನಾತ್ಮಕ ಬುದ್ಧಿವಂತಿಕೆ
• ರೌದ್ರರಸ